ಅಲ್ಮಾಸಬಿಯ ಕತ್ತಿಗೆ ಅಡ್ಡ ಬಂದ ಭಸ್ಮದ ಕಣ

ಬೆಳ್ಳಂಬೆಳಗ್ಗೆ ಗದಗದ ಸ್ಟೇಶನ್ ರಸ್ತೆಯಲ್ಲಿ ಚಹಾದ ಅಂಗಡಿಯೊಂದನ್ನು ಬಿಟ್ಟರೆ ಬೇರೆ ಬಾಗಿಲು ತೆರೆದಿಲ್ಲ. ಡಾಕ್ಟರ್ ವಾಸುದೇವ ಅವರ ಲ್ಯಾಬೊರೇಟರಿಯ ಹಿಂದಿನ ಕೋಣೆಯಲ್ಲಿ ಅಲ್ಮಾಸಬಿ ಕಿಟಕಿಗೆ ಮುಖ ಮಾಡಿ ನಿಂತು ಕತ್ತಿ ಮಸೆಯುತ್ತಿದ್ದಾರೆ. ಗೇಣುದ್ದದ ಭಾರವಾದ ಉಕ್ಕಿನ ಕತ್ತಿ. ಎಣ್ಣೆ ಹಚ್ಚಿದ ಸಾಣೆಕಲ್ಲಿನ ಮೇಲೆ ಹೋಗುವಾಗ ಒಂದು ಬದಿ, ಬರುವಾಗ ಇನ್ನೊಂದು ಬದಿ. ಆಮೇಲೆ ಚರ್ಮದ ಪಟ್ಟಿಯ ಮೇಲೆ ತೀಡುವುದು. ಕೊನೆಗೆ ಅಲಗನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಎಲ್ಲಾದರೂ ಬೆಳಕು ಮಿಣುಕಿದರೆ ಅಲ್ಲಿ ಮುಕ್ಕಿದೆ ಎಂದು ಅರ್ಥ. ಮತ್ತೆ ಕಲ್ಲಿಗೆ.

"ಬರ್ರಿ, ಕುಂಡ್ರಿ. ಆದ್ರ ಭಾಳ ಮಾತಾಡಸಬ್ಯಾಡ್ರಿ," ಎನ್ನುತ್ತಾರೆ, ಪೇಪರಿಗೆ ಬರೆಯಲು ಬಂದ ನನ್ನತ್ತ ತಿರುಗದೆ. "ಇವತ್ತ ಶಿಗ್ಲಿ ಅವ್ವಾರ ಚೂರು ಕೊಯ್ಯೂದೈತಿ."

ಶಿಗ್ಲಿಯ ಅವ್ವ ಎಂದರೆ ಸಿದ್ದಲಿಂಗವ್ವ. ನಾಲಿಗೆಯ ಅಂಚಿನಲ್ಲಿ ಎದ್ದ ಹುಣ್ಣು ಮಾಯುತ್ತಿಲ್ಲ. ಲಕ್ಷ್ಮೇಶ್ವರದ ಸರ್ಜನ್ ಒಬ್ಬರು ಅದರಿಂದ ಜೋಳದ ಕಾಳಿನಷ್ಟು ಮಾಂಸ ತೆಗೆದು, ಅದು ಕೊಳೆಯದಂತೆ ಕಾಯುವ ಫಾರ್ಮಲಿನ್ ಔಷಧ ತುಂಬಿದ ಬಾಟಲಿಯಲ್ಲಿ ಹಾಕಿ ಆಕೆಯ ಗಂಡನ ಕೈಯಲ್ಲಿ ಗದಗಕ್ಕೆ ಕಳಿಸಿದ್ದಾರೆ. ಹುಣ್ಣು ಸಾದಾ ಹುಣ್ಣೋ ಕ್ಯಾನ್ಸರೋ ಎಂಬುದನ್ನು ಈ ಕಾಳು ಹೇಳಬೇಕು. ಇದು ಹಾಳಾದರೆ ಮತ್ತೆ ನಾಲಿಗೆ ಕೊಯ್ಯಬೇಕು. ಆಕೆ ಮೊದಲನೆಯ ಸಲವೇ ಗಂಡನಿಗೆ ಹೇಳಿಬಿಟ್ಟಿದ್ದಾಳೆ: "ಇನ್ನೊಮ್ಮಿ ನಾ ಬಾಯಿ ತೆಗೆಯೂದಿಲ್ಲ, ಸತ್ರೂ ಅಷ್ಟ."

ಬಾಟಲಿ ಕೊಟ್ಟು ಹೋಗಿದ್ದ ಆ ಗಂಡ ಅಂದಾನಪ್ಪ ಫಲಿತಾಂಶ ಕೇಳಲು ನಿನ್ನೆ ಸಂಜೆಯ ಬಸ್ಸಿಗೆ ಮತ್ತೆ ಬಂದು, ಬಸ್‌ಸ್ಟ್ಯಾಂಡಿನಲ್ಲಿ ಮಲಗಿ, ಈಗ ಹೊರಗಿನ ಕಟ್ಟೆಯ ಮೇಲೆ ರುಮಾಲು ಬಿಚ್ಚಿ ಕೂತಿದ್ದಾನೆ.

ಲ್ಯಾಬೊರೇಟರಿಯ ಬೋರ್ಡಿನ ಮೇಲೆ ಡಾಕ್ಟರ ಹೆಸರಿದೆ, ಡಿಗ್ರಿಗಳಿವೆ. ಇರಲಿ, ಅವರು ಓದಿ ಗಳಿಸಿದ್ದು. ಆದರೆ ಮುಂಡರಗಿಯಿಂದ, ಶಿರಹಟ್ಟಿಯಿಂದ ಬಾಟಲಿ ಹಿಡಿದು ಬರುವವರಲ್ಲಿ ಒಬ್ಬರಿಗೂ ಈ ಹಿಂದಿನ ಕೋಣೆ ಗೊತ್ತಿಲ್ಲ. ಮಾಂಸದ ಚೂರನ್ನು ಸ್ಪಿರಿಟ್ಟಿನಲ್ಲಿ ಒಣಗಿಸಿ, ಮೇಣ ಕುಡಿಸಿ, ಮೂಲೆಯಂತೆ ಬಾಗಿದ ಎರಡು ಹಿತ್ತಾಳೆ ತುಂಡುಗಳ ನಡುವೆ ಮೇಣದ ಇಟ್ಟಿಗೆಯಾಗಿ ಎರೆದು, ಉಳ್ಳಾಗಡ್ಡಿಯ ಒಳಪೊರೆಗಿಂತ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಕೂಡಿಸಿಕೊಡುವವರು ಯಾರು ಎಂದು ಕೇಳಿದವರೇ ಇಲ್ಲ.

ಬೆಟಗೇರಿಯ ನೇಕಾರ ಮನೆಯ ಹೆಣ್ಣುಮಗಳು ಈಕೆ. ಗಂಡ ಮೌಲಾಸಾಬ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದರೆ ಈಕೆ ನೂಲಿನ ಕಂಡಿಕೆ ಸುತ್ತುತ್ತಿದ್ದರು. ಎಪ್ಪತ್ತೆರಡನೇ ಇಸವಿಯಲ್ಲಿ ಗಂಡ ತೀರಿಕೊಂಡ ಮೇಲೆ ಮಗ್ಗ ನಿಂತಿತು. ಕಸ ಗುಡಿಸಿ ಬಾಟಲಿ ತೊಳೆಯಲು ಇಲ್ಲಿ ಸೇರಿದರು. ಒಂದು ದಿನ ಚೂರು ಕೊಯ್ಯುವ ಯಂತ್ರದಿಂದ ಬರುತ್ತಿದ್ದ ಮೇಣದ ಪಟ್ಟಿ ಹರಿದಾಗ, ಪಕ್ಕದಲ್ಲಿದ್ದ ಈಕೆ ಉಸಿರು ಬಿಗಿಹಿಡಿದು ಕುಂಚದ ತುದಿಯಿಂದ ಅದನ್ನು ಎತ್ತಿದ್ದನ್ನು ಡಾಕ್ಟರು ಕಂಡರು. ಅಂದಿನಿಂದ ಕಸಬರಿಗೆ ಬಿಡಿಸಿ ಕತ್ತಿ ಹಿಡಿಸಿದರು.

ಓಣಿಯವರು ಕೊಟ್ಟ ಬಹುಮಾನ ಬೇರೆ. "ಹೆಣ ಕೊಯ್ಯಾಕಿ" ಎಂದು ಹೆಸರಿಟ್ಟರು. ಮದುವೆಯಲ್ಲಿ ಈಕೆ ಕೊಟ್ಟ ಎಲೆ ಅಡಿಕೆ ಮುಟ್ಟದವರಿದ್ದಾರೆ. ನಾಳೆ ತಮ್ಮ ಮನೆಯಿಂದ ಇಂಥದೇ ಬಾಟಲಿ ಹೊರಟರೆ ಇದೇ ಕೈಗೆ ಬಂದು ಬೀಳುತ್ತದೆ ಎಂಬುದು ಈ ಮಡಿವಂತರಿಗೆ ಹೊಳೆಯುವುದಿಲ್ಲ.

"ಹೆಣಕ್ಕ ಇಷ್ಟ್ ಚೂಪು ಯಾಕ ಬೇಕ್ರಿ?" ಎಂದು ಅಲ್ಮಾಸಬಿ ನಗುತ್ತಾರೆ. ಫಾರ್ಮಲಿನ್ನಿನಲ್ಲಿ ನೆಂದು ನೆಂದು ಬೆರಳುಗಳು ಸೀಳುಬಿಟ್ಟಿವೆ. "ಇದು ಬದುಕಿದ್ದವರ ಚೂರು. ಆ ಕಡೆ ಮನಿಯಾಗ ಅವರು ಹಾದಿ ಕಾಯತಿರತಾರ."

ಶಿಗ್ಲಿಯ ಬಾಟಲಿ ಬಂದ ದಿನವೇ ಈಕೆಗೆ ತಲೆ ಕೆಟ್ಟಿತ್ತು. ಔಷಧದ ತುಂಬ ಬೂದಿ ತೇಲುತ್ತಿದೆ! ಕೇಳಿದರೆ ಅಂದಾನಪ್ಪ ಕೈಮುಗಿದಿದ್ದಾನೆ.

"ಬಾಟ್ಲಿ ಮನಿಗೆ ಒಯ್ದಾಗ ನಮ್ಮವ್ವ ಹಾಕಿದ್ಲರಿ. ಮೈಯಾಗಿನ ಚೂರು ಊರು ಬಿಟ್ಟು ಹೊಂಟೈತಿ, ಹಂಗ ಕಳಸಬಾರದು ಅಂತ ಒಂದ ಚಿಟಿಕಿ ಭಸ್ಮ. ತಪ್ಪಾತೇನ್ರಿ ಯಕ್ಕಾ?"

"ತಪ್ಪಲ್ಲೋ ಅಣ್ಣಾ. ಹಣಿಗೆ ಹಚ್ಚೂದನ್ನ ಬಾಟ್ಲಿಗೆ ಹಚ್ಚೀರಿ, ಅಷ್ಟ."

ತಮಾಷೆಯ ಮಾತಲ್ಲ ಅದು. ಭಸ್ಮದ ಒಂದು ಕಣ ಚೂರಿನ ಮಡಿಕೆಯಲ್ಲಿ ಉಳಿದರೂ ಕತ್ತಿಯ ಅಲಗು ಮುಕ್ಕಾಗುತ್ತದೆ, ಮಾಂಸ ಹರಿಯುತ್ತದೆ. ಅವತ್ತು ಕುಂಚದಿಂದ ಮತ್ತೆ ಮತ್ತೆ ತೊಳೆದಿದ್ದಾರೆ. ಕೆಳಗೆ ಕೂತ ಬೂದಿಯನ್ನು ಮೋರಿಗೆ ಚೆಲ್ಲದೆ ಹಿತ್ತಲಿನ ಮೂಲೆಯಲ್ಲಿ ಮಣ್ಣು ಕೆದರಿ ಮುಚ್ಚಿದ್ದಾರೆ. "ಮಂದಿ ತುಳಿಯೂ ಜಾಗಾದಾಗ ಹೆಂಗ ಚೆಲ್ಲೂದ್ರಿ? ಮುದುಕಿ ಮಗಳಂಥ ಸೊಸಿಗೆ ಹಾಕ್ಯಾಳ."

ಈಗ ಮೇಣದ ಇಟ್ಟಿಗೆ ಯಂತ್ರಕ್ಕೆ ಏರಿದೆ. ಕಿಟಕಿ ಮುಚ್ಚುತ್ತಾರೆ, ಫ್ಯಾನು ನಿಲ್ಲಿಸುತ್ತಾರೆ. ಬಲಗೈ ಚಕ್ರ ತಿರುಗಿಸುತ್ತದೆ. ಕತ್ತಿಯ ಅಂಚಿನಿಂದ ಬೆಳ್ಳನೆಯ ಪಟ್ಟಿ ಇಳಿಯತೊಡಗುತ್ತದೆ. ಒಮ್ಮೆಲೆ ಕಿರ್ ಎಂದು ಸಣ್ಣ ಸದ್ದು. ಪಟ್ಟಿಯ ನಡುವೆ ಉದ್ದಕ್ಕೆ ಸೀಳು ಬಿದ್ದಿದೆ.

ಅಲ್ಮಾಸಬಿಯ ಕೈ ಅಲ್ಲೇ ನಿಲ್ಲುತ್ತದೆ. ಚಕ್ರ ತಿರುಗಿದಷ್ಟೂ ಇಟ್ಟಿಗೆ ಸವೆಯುತ್ತದೆ. ಇರುವುದೇ ಒಂದು ಕಾಳು.

"ಏನಾತು ಅಲ್ಮಾಸಬಿ?" ಡಾಕ್ಟರು ಬಾಗಿಲಲ್ಲಿ ಇಣುಕುತ್ತಾರೆ.

"ಒಂದ ಕಣ ಉಳದೈತ್ರಿ ಸರ್. ಬಾಗಲಾ ಮುಚ್ಚರಿ, ಗಾಳಿ ಆಡತೈತಿ."

ಡಾಕ್ಟರು ನನ್ನತ್ತ ನೋಡಿ, "ಒಳಗ ಆಕಿದ ಸರಕಾರ. ನೀವೂ ಉಸರು ಹಿಡ್ಕೊಂಡ ಕೂಡ್ರಿ," ಎಂದು ಬಾಗಿಲು ಎಳೆದುಕೊಳ್ಳುತ್ತಾರೆ.

ಇಟ್ಟಿಗೆ ಯಂತ್ರದಿಂದ ಕೆಳಗಿಳಿಯುತ್ತದೆ. ಮೇಣ ಕರಗುತ್ತದೆ. ಭೂತಗನ್ನಡಿಯ ಕೆಳಗೆ ಸೂಜಿಯ ಮೊನೆ ಮಾಂಸದ ಮಡಿಕೆಯನ್ನು ತಡಕುತ್ತದೆ. ಕಣ್ಣಿಗೆ ಕಂಡೂ ಕಾಣದಂಥ ಒಂದು ಚುಕ್ಕೆ ಸೂಜಿಗೆ ಅಂಟಿ ಹೊರಗೆ ಬರುತ್ತದೆ. ಮತ್ತೆ ಹಿತ್ತಾಳೆ ತುಂಡುಗಳು, ಮತ್ತೆ ಬಿಸಿ ಮೇಣ, ಮತ್ತೆ ಮಂಜುಗಡ್ಡೆಯ ಮೇಲೆ ಆರಿಸುವುದು. ಕತ್ತಿಯನ್ನು ಪಕ್ಕಕ್ಕೆ ಸರಿಸಿ, ಅಲಗಿನ ಇನ್ನೂ ಬಳಸದ ಭಾಗವನ್ನು ಎದುರಿಗೆ ತರುತ್ತಾರೆ. ತುಟಿಗಳು ಅಲುಗುತ್ತವೆ, ದುವಾ ಇರಬೇಕು. ಚಕ್ರ ತಿರುಗುತ್ತದೆ.

ಸದ್ದಿಲ್ಲ. ಪಟ್ಟಿ ಇಡಿಯಾಗಿ ಇಳಿಯುತ್ತದೆ. ಕುಂಚದಿಂದ ಎತ್ತಿ ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟಾಗ ಸುಕ್ಕೆಲ್ಲ ಬಿಚ್ಚಿಕೊಂಡು ಹರಡುತ್ತದೆ. ಅದನ್ನು ಗಾಜಿನ ಮೇಲೆ ಹಿಡಿದ ಮೇಲೆಯೇ ಅಲ್ಮಾಸಬಿ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಬಣ್ಣ ಹಾಕಿದ ಗಾಜು ಡಾಕ್ಟರ ಸೂಕ್ಷ್ಮದರ್ಶಕದ ಕೆಳಗೆ ಹೋಗುತ್ತದೆ. "ಪೂರಾ ಕಾಣತೈತಿ," ಎಂದು ಅವರು ಅಂದಾನಪ್ಪನನ್ನು ಒಳಗೆ ಕರೆಯುತ್ತಾರೆ. ಅಲ್ಲಿ ಕಂಡದ್ದೇನು ಎಂಬುದು ಆ ಮನೆಯ ಮಾತು, ಪೇಪರಿನದಲ್ಲ. ಭಸ್ಮದ ಸಂಗತಿ ಬರೆಯಲೇ ಎಂದು ಕೇಳಿದ್ದಕ್ಕೆ ಮಾತ್ರ ಅವನು, "ಬರೀರಿ. ಇನ್ನೊಬ್ಬರ ಮುದುಕಿ ಹಿಂಗ ಮಾಡಬಾರದು," ಎಂದಿದ್ದಾನೆ.

ಹೊರಟವನು ಹಿಂದಿನ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ರುಮಾಲು ಇನ್ನೂ ಕೈಯಲ್ಲೇ ಇದೆ. ಡಾಕ್ಟರು ಹೇಳಿದ್ದನ್ನು ಈಕೆಯ ಬಾಯಿಂದಲೂ ಕೇಳಬೇಕು ಅವನಿಗೆ.

"ಯಕ್ಕಾ, ಆಕಿ ಮತ್ತ ಬಾಯಿ ತೆಗೀಬೇಕೇನು?"

ಅಲ್ಮಾಸಬಿ ಆಗಲೇ ಕತ್ತಿಯನ್ನು ಸಾಣೆಕಲ್ಲಿಗೆ ಹಚ್ಚಿದ್ದಾರೆ. ತಲೆ ಎತ್ತುತ್ತಾರೆ.

"ಚೂರು ಕೊಡಾಕ ಬ್ಯಾಡೋ ಅಣ್ಣಾ. ಉಣ್ಣಾಕ ತೆಗೀಲಿ."