ಹಡಗು ಕಾಣುವ ದಾರಿ

ವಿಶಾಖಪಟ್ಟಣದಲ್ಲಿ ನಮ್ಮ ಬಾಡಿಗೆ ಮನೆ ಗುಡ್ಡದ ಓರೆಯಲ್ಲಿತ್ತು. ಗೇಟು ದಾಟಿ ನಾಲ್ಕು ಹೆಜ್ಜೆ ಇಟ್ಟರೆ ಸಾಕು, ರಸ್ತೆ ತಾನೇ ನಮ್ಮನ್ನು ಪೇಟೆಯ ಕಡೆಗೆ ಇಳಿಸಿಕೊಳ್ಳುತ್ತಿತ್ತು. ಸಂಜೆ ಐದೂವರೆಗೆ ಹೊರಡುವುದು ನಿತ್ಯದ ನೇಮ. ಐದು ವರ್ಷದ ಮಗಳು ಮುಂದೆ, ಮೂರು ವರ್ಷದ ಮಗ ನನ್ನ ಕಿರುಬೆರಳು ಹಿಡಿದು ಹಿಂದೆ. ಬಿಸಿಲು ಬೇಗನೆ ಬೆಟ್ಟದ ಆಚೆ ಸರಿದುಬಿಡುತ್ತಿತ್ತು. ಸಮುದ್ರ ಮಾತ್ರ ಇನ್ನೂ ಸ್ವಲ್ಪ ಹೊತ್ತು ಬೆಳಕನ್ನು ಹಿಡಿದಿಟ್ಟುಕೊಂಡಿರುತ್ತಿತ್ತು. ಎಡಗಡೆಯ ಒಂದೊಂದು ಓಣಿಯ ತುದಿಯಲ್ಲೂ ಅದರ ಒಂದೊಂದು ತುಂಡು. ಆ ತುಂಡಿನೊಳಗೆ, ಬಂದರಿನ ಸರದಿಗೆ ಕಾಯುತ್ತ ನಿಂತ ಹಡಗುಗಳು.

‘ನೋಡು, ಹಡಗು,’ ಎನ್ನುತ್ತಿದ್ದೆ ಮಗನಿಗೆ. ‘ಎಷ್ಟು ದೊಡ್ಡದು ಅಲ್ವಾ? ಹೂಂ, ದೊಡ್ಡದು.’ ಅವನು ನೋಡುತ್ತಿದ್ದ. ಮುಂದಿನ ಓಣಿಯಲ್ಲಿ ಮತ್ತೆ ಅದೇ ಹಡಗು, ಸ್ವಲ್ಪ ಪಕ್ಕಕ್ಕೆ ಸರಿದಂತೆ. ಮತ್ತೆ ನೋಡುತ್ತಿದ್ದ. ಮಾತಾಡುತ್ತಿರಲಿಲ್ಲ.

ಅವನು ಯಾವ ಮಾತನ್ನೂ ಆಡುತ್ತಿರಲಿಲ್ಲ. ಕಿವಿ ಪರೀಕ್ಷೆ ಮಾಡಿಸಿದ್ದೆವು, ಕಿವಿ ಚೆನ್ನಾಗಿಯೇ ಇತ್ತು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಅಕ್ಕಪಕ್ಕದವರೆಲ್ಲ ಒಂದೇ ಮಾತು ಹೇಳಿದರು: ಮನೆಯಲ್ಲಿ ಕನ್ನಡ, ಹೊರಗೆ ತೆಲುಗು, ಮಗು ಗೊಂದಲಕ್ಕೆ ಬಿದ್ದಿದೆ, ಕನ್ನಡ ಬಿಟ್ಟುಬಿಡಿ. ನಮ್ಮ ಯಜಮಾನರಿಗೂ ಅದು ಸರಿ ಎನ್ನಿಸಿತು. ಅವರು ಬ್ಯಾಂಕಿನ ಅಧಿಕಾರಿ, ವರ್ಗವಾಗಿ ಬಂದವರು. ಇನ್ನೂ ಎಷ್ಟು ವರ್ಷ ಆಂಧ್ರದಲ್ಲೇ ಇರಬೇಕೋ ಅವರಿಗೂ ಗೊತ್ತಿರಲಿಲ್ಲ.

‘ಸ್ಕೂಲು ಶುರುವಾಗೋದ್ರೊಳಗೆ ಬಾಯಿ ಬಿಡ್ಲಿಲ್ಲ ಅಂದ್ರೆ ಮನೇಲೂ ತೆಲುಗೇ ಮಾತಾಡಾಣ,’ ಅಂದರು.

‘ಜೂನ್ ತನಕ ಬಿಡ್ರಿ,’ ಅಂದೆ. ಅಷ್ಟು ಗಡುವು ಸಿಕ್ಕಿತು.

ನಾನು ದಾವಣಗೆರೆಯವಳು. ಸೀರೆ, ನೈಟಿ ತಂದು ಮನೆಯಲ್ಲೇ ಮಾರುವ ವ್ಯಾಪಾರ ನನ್ನದು. ಯಾರೂ ಕೈಹಿಡಿದು ಕಲಿಸಿದ್ದಲ್ಲ, ಕಂಡವರ ಅಂಗಡಿ ಮುಂದೆ ನಿಂತು ನಿಂತು ಕಲಿತದ್ದು. ಹೊಸ ಊರಿಗೆ ಹೋಗುವವರಿಗೆ ನಾನು ಹೇಳುವುದು ಇಷ್ಟೇ: ಮೊದಲ ತಿಂಗಳು ಆಟೋ ಹತ್ತಬೇಡಿ. ಮಕ್ಕಳ ಕೈ ಹಿಡಿದು ನಡೆಯಿರಿ. ಮಗು ಜೊತೆಗಿದ್ದರೆ ಹೆಚ್ಚು ರೇಟು ಹೇಳಲು ಅಂಗಡಿಯವನ ನಾಲಿಗೆ ಸ್ವಲ್ಪ ತಡವರಿಸುತ್ತದೆ. ಹೂವನ್ನು ಹೋಗುವಾಗ ಕೇಳಿ, ಬರುವಾಗ ಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ನಿಮ್ಮ ರೇಟು ಒಂದು ಸಲ ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡು ನಿಲ್ಲಿ. ಆ ಸುಮ್ಮನಿರುವುದನ್ನು ತಡೆಯಲಾಗದವರೇ ಮೊದಲು ಮಾತಾಡುತ್ತಾರೆ, ಮೊದಲು ಮಾತಾಡಿದವರೇ ಇಳಿಯುತ್ತಾರೆ. ಈ ಒಂದು ವಿದ್ಯೆಯ ಮೇಲೇ ನನ್ನ ವ್ಯಾಪಾರ ನಿಂತಿದೆ.

ಇಳಿಜಾರಿನ ಬುಡದಲ್ಲಿ ಯಜಮಾನರ ಬ್ಯಾಂಕು. ಅಲ್ಲಿ ಅವರು ಬಂದು ಸೇರಿದರೆ ನಾವು ನಾಲ್ವರು. ಅಷ್ಟು ಹೊತ್ತಿಗೆ ಹಡಗುಗಳು ದೀಪ ಹಚ್ಚಿಕೊಂಡಿರುತ್ತಿದ್ದವು. ಉಪ್ಪುಗಾಳಿಯ ಜೊತೆ ಬಂದರಿನ ಕಲ್ಲಿದ್ದಲ ಧೂಳು ಬಂದು ತುಟಿಯ ಮೇಲೆ ಕೂರುತ್ತಿತ್ತು. ಆ ಹೊತ್ತಿನಲ್ಲಿ ಪೇಟೆ ನನಗೆ ಯಾವಾಗಲೂ ನೀರಿನೊಳಗಿಂದ ನೋಡಿದ ಹಾಗೆ ಕಾಣುತ್ತಿತ್ತು. ಜನ ಮೆಲ್ಲಗೆ, ಬೆಳಕು ಮೆಲ್ಲಗೆ, ಮಗಳ ಮಾತೊಂದೇ ಜೋರು. ಅವಳು ತಮ್ಮನ ಪಾಲಿನದನ್ನೂ ತಾನೇ ಮಾತಾಡುತ್ತಿದ್ದಳು. ‘ಅಮ್ಮಾ, ತಮ್ಮಂಗೆ ಪಲ್ಲೀಲು ಬೇಕಂತೆ,’ ಎಂದು ಶೇಂಗಾ ಗಾಡಿ ತೋರಿಸುವಳು. ನಾನು ಕೊಡಿಸುವೆನು. ‘ಬಿಸಿ ಇದೆಯಾ? ಇದೆ, ಊದಿಕೊಂಡು ತಿನ್ನು,’ ಎನ್ನುವೆನು.

ಮೂಲೆಯಲ್ಲಿ ಹೂ ಕಟ್ಟುವ ಒಬ್ಬ ಮುದುಕಿ ಕೂರುತ್ತಿದ್ದಳು. ದಿನಾ ನನ್ನ ಜೊತೆ ಚೌಕಾಸಿ ಮಾಡಿ ಮಾಡಿ ನನ್ನ ಪಟ್ಟುಗಳೆಲ್ಲ ಅವಳಿಗೆ ಬಾಯಿಪಾಠವಾಗಿದ್ದವು. ಒಂದು ಸಂಜೆ ಅವಳು ಮೊಳ ಅಳೆಯುವುದನ್ನು ನಿಲ್ಲಿಸಿ ಮಗನನ್ನು ನೋಡಿದಳು, ಆಮೇಲೆ ನನ್ನನ್ನು.

‘ಅಡಿಗೇದಿ ನುವ್ವೇ, ಚೆಪ್ಪೇದೀ ನುವ್ವೇ,’ ಅಂದಳು. ‘ಮರಿ ವಾಡೆಪ್ಪುಡು ಮಾಟ್ಲಾಡತಾಡಮ್ಮಾ?’

ಕೇಳುವವಳೂ ನೀನೇ, ಹೇಳುವವಳೂ ನೀನೇ. ಮತ್ತೆ ಅವನು ಮಾತಾಡುವುದು ಯಾವಾಗ? ನನ್ನ ಹತ್ತಿರ ನೀನು ಬಾಯಿ ಮುಚ್ಚಿ ನಿಲ್ಲುತ್ತೀಯಲ್ಲ, ಅದನ್ನು ಅವನ ಹತ್ತಿರ ಯಾಕೆ ಮಾಡುವುದಿಲ್ಲ, ಎಂದೂ ಸೇರಿಸಿದಳು. ಅವತ್ತು ನಾನು ಚೌಕಾಸಿ ಮಾಡದೆ ಹೂವು ಕೊಂಡೆ.

ಮಾರನೆಯ ದಿನದಿಂದ ಶುರು ಮಾಡಿದೆ. ಶೇಂಗಾ ಪೊಟ್ಟಣ ಕೈಯಲ್ಲಿ ಹಿಡಿದು ಸುಮ್ಮನೆ ನಿಲ್ಲುವುದು. ಓಣಿಯ ತುದಿಯಲ್ಲಿ ಹಡಗು ಕಂಡರೆ ‘ಹಡಗು’ ಎಂದು ಒಂದೇ ಮಾತು, ಆಮೇಲೆ ಕಾಯುವುದು. ತಮ್ಮನ ಪರವಾಗಿ ಮಾತಾಡುವುದಿಲ್ಲ ಎಂದು ಮಗಳ ಹತ್ತಿರ ಆಣೆ ಮಾಡಿಸಿಕೊಂಡೆ. ಪಾಪ, ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಡೆಯುತ್ತಿದ್ದಳು. ಎಂಥೆಂಥ ಸಗಟು ವ್ಯಾಪಾರಿಗಳ ಎದುರು ಅಲುಗದೆ ನಿಂತವಳು ನಾನು, ಇವನ ಎದುರು ಮಾತ್ರ ಪೊಟ್ಟಣವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಲೇ ಇರುತ್ತಿದ್ದೆ. ಅವನು ನನ್ನ ಮುಖ ನೋಡುವನು, ಸೆರಗು ಜಗ್ಗುವನು, ಕೊನೆಗೆ ಪೊಟ್ಟಣ ಕಿತ್ತುಕೊಳ್ಳುವನು. ಹೀಗೇ ಚಳಿಗಾಲ ಕಳೆಯಿತು. ಹಡಗುಗಳು ಬಂದವು, ಹೋದವು. ಅವನು ಪ್ರತಿ ಓಣಿಯ ಬಾಯಲ್ಲೂ ನಿಂತು ನೋಡಿದ, ಅಷ್ಟೇ.

ಏಪ್ರಿಲಿನಲ್ಲಿ ಯಜಮಾನರಿಗೆ ವಿಜಯವಾಡಕ್ಕೆ ವರ್ಗವಾಯಿತು.

ವಿಜಯವಾಡದ ಬಿಸಿಲಿನ ಬಗ್ಗೆ ನಾನು ಏನೂ ಹೇಳುವುದಿಲ್ಲ. ಹೋಗುವವರು ಮಡಕೆಯನ್ನು ಮೊದಲ ದಿನವೇ ಕೊಂಡುಬಿಡಿ. ಆದರೂ ಸಂಜೆಯ ನಡಿಗೆ ಬಿಡಲಿಲ್ಲ. ಹೊತ್ತು ಮುಳುಗಿದ ಮೇಲೆ ನಾಲ್ವರೂ ಕಾಲುವೆಯ ಸೇತುವೆ ದಾಟಿ ಒನ್ ಟೌನ್ ಎನ್ನುವ ಹಳೇ ಪೇಟೆಗೆ ಹೋಗುತ್ತಿದ್ದೆವು. ಬಟ್ಟೆ ಮೂಟೆ ಹೇರಿದ ತಳ್ಳುಗಾಡಿಗಳು, ಕಿರಿದಾದ ಓಣಿಗಳು, ಮೇಲೆ ಗುಡ್ಡದ ದೇವಸ್ಥಾನದ ದೀಪಗಳು ಆಕಾಶಕ್ಕೆ ಹೊಲಿದ ಜರಿಯ ಹಾಗೆ. ನನಗೆ ಅದು ಸ್ವರ್ಗ. ಮಗ ಮಾತ್ರ ಪ್ರತಿ ಓಣಿಯ ಬಾಯಲ್ಲೂ ನಿಂತುಬಿಡುತ್ತಿದ್ದ. ತುದಿಯಲ್ಲಿ ಗೋಡೆ ಇರುತ್ತಿತ್ತು, ಇಲ್ಲವೇ ಇನ್ನೊಂದು ಅಂಗಡಿ.

ಮೇ ತಿಂಗಳ ಕೊನೆ. ಸ್ಕೂಲಿನ ಅರ್ಜಿ ಯಜಮಾನರ ಜೇಬಿನಲ್ಲೇ ಇತ್ತು. ಸೇತುವೆಯ ನಡುವೆ ಮಗ ನಿಂತ. ನನ್ನ ಬೆರಳು ಬಿಟ್ಟು ಕಂಬಿ ಹಿಡಿದು ಕೆಳಗಿನ ನೀರನ್ನು ನೋಡಿದ, ನೀರು ಹೋಗುವ ಕಡೆಗೆ ನೋಡಿದ. ಯಜಮಾನರು ಏನೋ ಹೇಳಲು ಹೊರಟರು. ನಾನು ಅವರ ತೋಳು ಚಿವುಟಿದೆ. ತಳ್ಳುಗಾಡಿಯವರು ಬೈದುಕೊಂಡು ನಮ್ಮನ್ನು ಸುತ್ತಿ ಹೋದರು. ಗಾಳಿ ಇರಲಿಲ್ಲ. ಎಷ್ಟು ಹೊತ್ತು ನಿಂತೆವೋ ನನಗೆ ನೆನಪಿಲ್ಲ. ಈಗಲೂ ಅಲ್ಲೇ ನಿಂತಿರುವ ಹಾಗೆ ಒಮ್ಮೊಮ್ಮೆ ಅನ್ನಿಸುತ್ತದೆ.

‘ಅಮ್ಮ, ಹಡಗೆಲ್ಲಿ?’ ಅಂದ.

ದಿನಾ ಕೇಳುತ್ತಿದ್ದವನಂತೆ, ನಿರಾಳವಾಗಿ. ಆಣೆಯಿಂದ ಬಿಡುಗಡೆಯಾದ ಮಗಳು ತೆಲುಗಿನಲ್ಲಿ ಹೇಳಿದಳು: ‘ಇಕ್ಕಡ ಸಮುದ್ರಂ ಲೇದುರಾ.’ ಇಲ್ಲಿ ಸಮುದ್ರ ಇಲ್ಲ ಎಂಬುದು ಅವನಿಗೂ ಅರ್ಥವಾಯಿತು. ಮುಖ ಸಣ್ಣದಾಯಿತು. ಯಜಮಾನರು ಅವನನ್ನು ಎತ್ತಿಕೊಂಡರು. ಕನ್ನಡ ಬಿಡುವ ವಿಷಯವನ್ನು ಆಮೇಲೆ ಎತ್ತಲೇ ಇಲ್ಲ.

ಮಾರನೆಯ ಸಂಜೆ ಪೇಟೆಯ ದಾರಿ ಬಿಟ್ಟು ಅವನನ್ನು ಕೃಷ್ಣೆಯ ದಡಕ್ಕೆ ಕರೆದುಕೊಂಡು ಹೋದೆ. ಮಬ್ಬು ನೀರಿನ ಮೇಲೆ ನಾಲ್ಕೈದು ದೋಣಿಗಳು ತೂಗುತ್ತಿದ್ದವು. ಗಿರಾಕಿ ಮುಂದೆ ಹೊಸ ಸೀರೆ ಹರಡುವ ಉತ್ಸಾಹದಲ್ಲಿ ಹೇಳಿದೆ, ‘ನೋಡಪ್ಪ, ಹಡಗು.’

ಅವನು ತುಂಬಾ ಹೊತ್ತು ನೋಡಿದ. ‘ಹಡಗಲ್ಲ,’ ಅಂದ.

‘ಸಣ್ಣ ಹಡಗು ಕಣೋ.’

ಅದಕ್ಕೆ ಅವನು ಏನೂ ಹೇಳಲಿಲ್ಲ. ನನ್ನ ಮುಖ ನೋಡುತ್ತ ಸುಮ್ಮನೆ ನಿಂತ. ನಾನೂ ನಿಂತೆ. ನದಿಯ ಮೇಲಿನ ಬೆಳಕು ಕಂದಿತು. ಅವನು ಅಲುಗಲಿಲ್ಲ.

‘ಆಯ್ತಪ್ಪ,’ ಅಂದೆ ಕೊನೆಗೆ. ‘ದೋಣಿ.’