ಮುಟ್ಟದೆ ಎಬ್ಬಿಸುವವರು

ಹುಂಜಣ್ಣ ಹುಟ್ಟಿದ ಮನೆಯಲ್ಲಿ ಗಡಿಯಾರವಿರಲಿಲ್ಲ. ಮಕ್ಕಳನ್ನು ಎಬ್ಬಿಸಲು ಅಪ್ಪನ ಬೆಲ್ಟ್ ಇತ್ತು.

ಈಗ ಅವರಿಗೆ ಐವತ್ತಾರು. ಬಸ್ ಡಿಪೋದ ವಿಶ್ರಾಂತಿ ಕೊಠಡಿಯಲ್ಲಿ ಅಟೆಂಡರ್. ಬೆಳಗಿನ ಪಾಳಿಯ ಡ್ರೈವರ್, ಕಂಡಕ್ಟರುಗಳನ್ನು ಅವರವರ ಹೊತ್ತಿಗೆ ಎಬ್ಬಿಸುವುದೇ ಕೆಲಸ. ಮೊಬೈಲ್ ಅಲಾರಾಂ ಇರುವಾಗ ಇಂಥ ಕೆಲಸ ಯಾಕೆ ಎಂದು ಕೇಳಿದರೆ ಅವರು ಗೋಡೆಯ ಮೇಲಿನ ಒಂದು ಕಲೆ ತೋರಿಸುತ್ತಾರೆ. ನಾಲ್ಕಕ್ಕೆ ಹೊರಡುವವನ ಅಲಾರಾಂ ಆರಕ್ಕೆ ಹೊರಡುವವನನ್ನೂ ಎಬ್ಬಿಸಿದ ದಿನ ಒಂದು ಫೋನ್ ಆ ಗೋಡೆಗೆ ಅಪ್ಪಳಿಸಿತ್ತು, ಇನ್ನೊಂದು ಬಕೆಟ್ಟಿನಲ್ಲಿ ಮುಳುಗಿತ್ತು. ಅಂದಿನಿಂದ ಕೊಠಡಿಯಲ್ಲಿ ಫೋನುಗಳು ಬಾಯಿ ಮುಚ್ಚಿಕೊಂಡಿರುತ್ತವೆ, ಹುಂಜಣ್ಣ ಬಾಯಿ ತೆರೆಯುತ್ತಾರೆ.

ಇನ್ನೂ ಬೆಳಕು ಹರಿದಿಲ್ಲ. ಕಬ್ಬಿಣದ ಮಂಚಗಳ ನಡುವೆ ಅವರು ಬೆಕ್ಕಿನಂತೆ ನಡೆಯುತ್ತಾರೆ. ಯಾರನ್ನೂ ಮುಟ್ಟುವುದಿಲ್ಲ. ಕಾಲ ಬಳಿ, ಎರಡು ಮಾರು ದೂರದಲ್ಲಿ ನಿಂತು ಪಿಸುಗುಟ್ಟುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಮಾತು.

ದಪ್ಪ ಡ್ರೈವರಿಗೆ: "ನಿನ್ನ ಬಸ್ಸು ಹೊರಟೇಹೋಯ್ತಲ್ಲೋ, ಯಾರು ಓಡಿಸ್ತಿದಾರೆ?"

"ಯಾವನವನು!" ಎನ್ನುತ್ತಾ ಆತ ಚಪ್ಪಲಿ ಹುಡುಕುತ್ತಾನೆ.

ಪಕ್ಕದ ಕಂಡಕ್ಟರಿಗೆ: "ಚಿಲ್ಲರೆ ಇಲ್ಲ ಕಣಪ್ಪ."

"ಹಾಗಾದ್ರೆ ಇಳೀರಿ," ಎಂದು ಕಣ್ಣು ಮುಚ್ಚಿಕೊಂಡೇ ಗದರಿ ಎದ್ದು ಕೂರುತ್ತಾನೆ.

ಒಬ್ಬ ಮೆಕ್ಯಾನಿಕ್‌ಗೆ "ನಿಮ್ಮತ್ತೆ ಗೇಟ್ ಹತ್ರ ಬಂದಿದಾರೆ" ಎಂಬ ಮಾತು ಬಹಳ ಕಾಲ ಚೆನ್ನಾಗಿ ನಡೆಯಿತು. ಒಂದು ದಿನ ಅತ್ತೆ ನಿಜವಾಗಿಯೂ ಬಂದರು. ಅವನು "ಹೋಗೋ, ದಿನಾ ಇದೇ ಆಯ್ತು" ಎಂದು ಮಗ್ಗುಲು ಬದಲಿಸಿದ. ಆ ಅತ್ತೆ ಅಳಿಯನ ಜೊತೆ ಇವತ್ತಿಗೂ ಮಾತಾಡುವುದಿಲ್ಲ. ಅದಕ್ಕವನು ಹುಂಜಣ್ಣನಿಗೆ ಚಿರಋಣಿ.

ಮುಟ್ಟಬಾರದು ಎಂಬ ನಿಯಮ ಅವರದೇ. "ಮುಟ್ಟಿ ಎಬ್ಬಿಸಿದ್ರೆ ಮನುಷ್ಯ ಎಲ್ಲಿ ಎದ್ದ ಅಂತ ಗೊತ್ತಾಗಲ್ಲ ಸಾರ್. ಮೈ ಈ ಮಂಚದ ಮೇಲಿರುತ್ತೆ. ಅವನು ಮಾತ್ರ ಚಿಕ್ಕವನಿದ್ದಾಗಿನ ಮನೇಲಿ ಎದ್ದಿರ್ತಾನೆ."

ಮದುವೆಯಾದ ಮರುದಿನ ಹೆಂಡತಿ ಅವರ ಭುಜ ಅಲುಗಿಸಿದ್ದರು. ಹುಂಜಣ್ಣ ಉತ್ತರ ಕೊಟ್ಟಿದ್ದು ಮಂಚದ ಕೆಳಗಿನಿಂದ. "ಬೆಳಗಾಗೆದ್ದು ಗಂಡನ ಮುಖ ನೋಡೋಣ ಅಂದ್ರೆ ಹಿಮ್ಮಡಿ ನೋಡ್ಬೇಕಾಯ್ತು," ಎಂದು ಆಕೆ ಈಗ ನಗುತ್ತಾರೆ. ಅಂದಿನಿಂದ, ಗಂಡ ಮನೆಯಲ್ಲಿ ಮಲಗುವ ರಜಾದಿನಗಳಲ್ಲಿ, ಆಕೆ ಬಾಗಿಲಲ್ಲಿ ನಿಂತು ಸತ್ತ ಮಾವನಿಗೆ ಗಟ್ಟಿಯಾಗಿ ಬೈಯುತ್ತಾರೆ. ಹುಂಜಣ್ಣ ನಗುತ್ತಾ ಏಳುತ್ತಾರೆ.

ಅಪ್ಪನ ಕೈಗೆ ಸಿಕ್ಕ ಮಕ್ಕಳೆಲ್ಲ ಹೀಗೆ ನಗುವ ಹಂತಕ್ಕೆ ಬರುವುದಿಲ್ಲ. ಪೆಟ್ಟು ಮಾಯುತ್ತದೆ, ನಾನು ಯಾರಿಗೂ ಬೇಡದವನು ಎಂಬ ಲೆಕ್ಕ ಮೈಯೊಳಗೆ ಉಳಿದುಬಿಡುತ್ತದೆ. ಹುಂಜಣ್ಣನ ಅಣ್ಣ ಆ ಲೆಕ್ಕವನ್ನೇ ನಂಬಿ ತನ್ನ ಜೀವ ತಾನೇ ತೆಗೆದುಕೊಂಡ. ಹೋಗುವ ವಾರ ತನ್ನ ವಸ್ತುಗಳನ್ನೆಲ್ಲ ಒಬ್ಬೊಬ್ಬರಿಗೆ ಹಂಚಿದ್ದ. ಉದಾರಿಯಾದ ಎಂದು ಎಲ್ಲರೂ ಹೊಗಳಿದ್ದರು.

ಮರುವರ್ಷ ಹುಂಜಣ್ಣನಿಗೂ ಬದುಕು ಸಾಕೆನಿಸಿತು. ಆಗ ಡಿಪೋದ ಅಡುಗೆಯವನು ಅವರ ಮುಖ ನೋಡಿ, "ನಾಳೆ ಬೆಳಿಗ್ಗೆ ನನ್ನನ್ನ ಎಬ್ಬಿಸು. ತಪ್ಪಿದ್ರೆ ಇಡೀ ಡಿಪೋಗೆ ಚಹಾ ಇಲ್ಲ, ಬೈಗುಳ ನಿನಗೆ" ಅಂದ. ಎಬ್ಬಿಸಿದರು. ಅವನು "ನಾಳೆ?" ಅಂದ. "ದಿನಾ ನಾಳೆ ನಾಳೆ ಅಂತಿದ್ದ ಸಾರ್. ಸಾಯೋಕೆ ಬಿಡುವೇ ಸಿಗ್ಲಿಲ್ಲ. ಆಮೇಲೆ ಮನೋವೈದ್ಯರ ಹತ್ರಾನೂ ಕರ್ಕೊಂಡು ಹೋದ. ಕತ್ತು ಹಿಡಿದು ಎಳ್ಕೊಂಡು ಹೋದ ಅನ್ನಿ, ಮುಟ್ಟದೇನೇ."

ಈಗ ಅವರ ಕಣ್ಣು ಮೂಲೆ ಮಂಚದ ಮೇಲಿದೆ. ಅಲ್ಲಿ ಮಲಗುವುದು ಮೂವತ್ತು ದಾಟಿದ, ಹೊಸದಾಗಿ ಬಂದ ಡ್ರೈವರ್. ಮೊದಲ ದಿನ ಹೆಜ್ಜೆ ಸಪ್ಪಳಕ್ಕೇ ಆತ ಎರಡೂ ಮೊಣಕೈ ಎತ್ತಿ ತಲೆ ಮುಚ್ಚಿಕೊಂಡಿದ್ದ. ಉಳಿದವರು ನಕ್ಕಿದ್ದರು. ಕಳೆದ ತಿಂಗಳು ಅವನು ತನ್ನ ಕೈಗಡಿಯಾರ ಕಂಡಕ್ಟರಿಗೆ ಕೊಟ್ಟ. ಒಳ್ಳೆಯ ಸ್ವೆಟರನ್ನು ದಪ್ಪ ಡ್ರೈವರಿಗೆ ಕೊಟ್ಟ. ದಪ್ಪ ಡ್ರೈವರ್ ಅದರೊಳಗೆ ಹೇಗೋ ನುಗ್ಗಿ ಡಿಪೋ ತುಂಬ ಮೆರೆದಾಡಿದ. ಹುಂಜಣ್ಣ ನೇರ ಮೂಲೆ ಮಂಚದ ಬಳಿ ಹೋದರು.

ಅವರು ಸುತ್ತಿ ಬಳಸಿ ಮಾತಾಡಲಿಲ್ಲ. "ಸಾಯ್ಬೇಕು ಅನ್ನಿಸ್ತಿದೆಯೇನಪ್ಪ?"

ಅವನು ಹೂಂ ಅಂದ. "ನಿಮಗ್ಯಾರು ಹೇಳಿದ್ರು?"

"ನಿನ್ನ ಮೊಣಕೈ."

ಅಂದೇ ಮಧ್ಯಾಹ್ನ ಅವನನ್ನು ಡಾಕ್ಟರ ಬಳಿ ಕರೆದೊಯ್ದರು. ಬರುವಾಗ ದಾರಿಯಲ್ಲಿ ಹೇಳಿದರು: "ನನಗೆ ವಯಸ್ಸಾಯ್ತು, ಎಚ್ಚರ ಆಗಲ್ಲ. ನಾಳೆಯಿಂದ ನೀನೇ ನನ್ನನ್ನ ಎಬ್ಬಿಸ್ಬೇಕು." ಶುದ್ಧ ಸುಳ್ಳು. ಮೂವತ್ತು ವರ್ಷದಲ್ಲಿ ಅವರು ಒಂದು ದಿನವೂ ತಡವಾಗಿ ಎದ್ದವರಲ್ಲ.

ಹಾಗಾಗಿ ಈಗ ದಿನಾ ಬೆಳಿಗ್ಗೆ ಎದ್ದು, ಮುಖ ತೊಳೆದು, ಡಿಪೋದ ತಮ್ಮ ಮಂಚದಲ್ಲಿ ಮತ್ತೆ ಮಲಗಿ ಗೊರಕೆ ಹೊಡೆಯುತ್ತಾರೆ. ಅವನು ಬಂದು ಎರಡು ಮಾರು ದೂರ ನಿಲ್ಲುತ್ತಾನೆ.

"ಹುಂಜಣ್ಣ, ನಿಮ್ಮ ಗೊರಕೆ ಸರಿಯಿಲ್ಲ. ನಿಜವಾದ ಗೊರಕೆ ನಡುನಡುವೆ ನಿಲ್ಲುತ್ತೆ."

"ನಾಳೆ ಸುಧಾರಿಸ್ತೀನಿ. ಬಂದು ಕೇಳು."

ಇವತ್ತು ಅವನು ಹೊತ್ತಿಗೆ ಬಂದಿಲ್ಲ. ಹುಂಜಣ್ಣ ಮಲಗಿಯೇ ಇದ್ದಾರೆ. ಗೊರಕೆ ನಿಂತಿದೆ. ಒಂದು ಕಾಲು ಆಗಲೇ ನೆಲಕ್ಕಿಳಿದಿದೆ. ಅಷ್ಟರಲ್ಲಿ ಹೊರಗೆ ಜಗಳ ಕೇಳಿಸುತ್ತದೆ.

"ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನೋ, ಮಾನಗೆಟ್ಟವನೆ!" ದಪ್ಪ ಡ್ರೈವರಿನ ದನಿ.

"ನನಗೆ ಚಳಿ ಆಗ್ತಿದೆ, ಬಿಚ್ಚೋ!"

ಬಾಗಿಲಲ್ಲಿ ಅವನು ಕಾಣಿಸಿಕೊಳ್ಳುತ್ತಾನೆ. ಮೈಮೇಲೆ ಸ್ವೆಟರ್. ಹಿಗ್ಗಿಹೋಗಿ ಒಳಗೆ ಇನ್ನೊಬ್ಬ ಪ್ರಯಾಣಿಕನಿಗೂ ಜಾಗವಿದೆ. "ತಡವಾಯ್ತು ಹುಂಜಣ್ಣ. ಅವನ ಮೈಯಿಂದ ಬಿಡಿಸೋಕೆ ಇಬ್ಬರು ಬೇಕಾಯ್ತು. ಏಳಿ."

ಹುಂಜಣ್ಣ ಮುಖವನ್ನು ಗೋಡೆಗೆ ತಿರುಗಿಸಿಕೊಂಡು ಸ್ವಲ್ಪ ಹೊತ್ತು ಏಳುವುದಿಲ್ಲ. ಆಮೇಲೆ ಎದ್ದು, ಗಡಿಯಾರವನ್ನೂ ವಾಪಸ್ ಇಸ್ಕೋ ಎಂದು ಗದರುತ್ತಾರೆ.

ಅವರ ಆಸೆ ದೊಡ್ಡದೇನಲ್ಲ. "ಇವನು ಎಬ್ಬಿಸ್ತಾನೆ ಅಂತ ನಂಬಿ ಒಂದು ದಿನ ನಿಜವಾಗ್ಲೂ ಮಲಗಿಬಿಡ್ಬೇಕು ಸಾರ್."

ಹುಟ್ಟಿದ ಮನೆಯ ಬಗ್ಗೆ ಕೇಳಿದರೆ ಚಹಾದ ಲೋಟ ತಿರುಗಿಸುತ್ತಾ ಹೇಳುತ್ತಾರೆ: "ಬೆಲ್ಟಿಗೆ ಏಳ್ತಿದ್ದವರು ಮೂರು ಜನ. ಅಕ್ಕ ಇದಾಳೆ. ನಾನಿದೀನಿ. ಒಬ್ಬ ಹೋದ."