ಮೂರು ಯಂತ್ರ, ನಾಲ್ಕು ಅಧ್ಯಾಯ

ಹಾಜರಿ ಪುಸ್ತಕದಲ್ಲಿ ಅವನಿಗೊಂದು ಹೆಸರಿತ್ತು. ಆದರೆ ಆ ಹೆಸರು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಎಲ್ಲರಿಗೂ ಅವನು ಮೂರ್ಸಲ. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗುವವನು, ಒಲೆ ಆರಿಸಿದ ಮೇಲೆ ಮೂರು ಸಲ ಬಗ್ಗಿ ನೋಡುವವನು. "ನಾನು ಎದುರಿಗೇ ನಿಂತಿದ್ರೂ ನನ್ನ ಹೆಸ್ರು ಮೂರ್ಸಲ ಕೂಗ್ತಾರೆ. ಮೂರನೇ ಸಲಕ್ಕೆ ನಾನು ಹೌದೋ ಅಲ್ವೋ ಅಂತ ನನಗೇ ಅನುಮಾನ ಬರುತ್ತೆ" ಎಂದು ಹೆಂಡತಿ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಅವನೂ ನಗುತ್ತಿದ್ದ. ಐವತ್ತೆರಡರ ವಯಸ್ಸಿನಲ್ಲಿ ಸ್ವಭಾವ ತಿದ್ದಿಕೊಳ್ಳುವ ಹುಮ್ಮಸ್ಸು ಯಾರಿಗಿರುತ್ತದೆ?

ಟೈಪ್‌ರೈಟರ್ ರಿಪೇರಿಯಿಂದ ಬದುಕು ಶುರುಮಾಡಿದವನು. ಅವು ಮೂಲೆ ಸೇರಿದಾಗ, ರಟ್ಟು ಹರಿದ ದಪ್ಪ ಪುಸ್ತಕವೊಂದನ್ನು ಹಿಡಿದು ಒಬ್ಬನೇ ಕೂತು ಕಂಪ್ಯೂಟರ್ ನಡೆಸುವ ಯುನಿಕ್ಸ್ ಕಲಿತ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ, ರೆಕಾರ್ಡ್ ಮಾಡಿ ಕಳಿಸುವ ಧ್ವನಿ ಗ್ರಂಥಾಲಯಕ್ಕೆ ಸೇರಿ ಇಪ್ಪತ್ಮೂರು ವರ್ಷವಾಗಿತ್ತು. ಎರಡನೇ ಮಹಡಿಯಲ್ಲಿ, ಹಿಂದೆ ಪೊರಕೆ ಬಕೆಟ್ಟು ಇಡುತ್ತಿದ್ದ ಕೋಣೆಯೇ ಅವನ ರಾಜ್ಯ. ಅಲ್ಲಿ ಒಂದೇ ಒಂದು ಹಳೆಯ ಸರ್ವರ್ ಸದಾ ಗೊರಕೆ ಹೊಡೆಯುತ್ತಿತ್ತು. ಸಾವಿರಾರು ಪುಸ್ತಕಗಳ ಧ್ವನಿಯೆಲ್ಲ ಅದರ ಹೊಟ್ಟೆಯಲ್ಲಿ. ಅದು ಕಣ್ಣು ಮುಚ್ಚಿದರೆ ಗತಿ ಏನು ಎಂಬ ಚಿಂತೆ ಮೂರ್ಸಲನನ್ನು ವರ್ಷಗಟ್ಟಲೆ ಕಾಡಿತ್ತು.

ಕೊನೆಗೆ ಆ ವರ್ಷ ಮೂರು ಹೊಸ ಸರ್ವರುಗಳು ಬಂದವು. ಮೂರನ್ನೂ ಒಂದು ಕ್ಲಸ್ಟರ್ ಆಗಿ ಹೆಣೆದು, ಒಂದು ಫೈಲ್ ಇಟ್ಟರೆ ಮೂರರಲ್ಲೂ ತಾನಾಗಿ ನಕಲು ಕೂರುವಂತೆ ಮಾಡುವುದು ಅವನ ಕನಸು. ಒಂದು ಕೆಟ್ಟರೆ ಉಳಿದೆರಡು ಕೆಲಸ ನಡೆಸುತ್ತವೆ. ಕೆಟ್ಟದ್ದು ಸರಿಯಾಗಿ ಬಂದ ಮೇಲೆ ತಪ್ಪಿಹೋದದ್ದನ್ನೆಲ್ಲ ಆ ಎರಡೇ ಅದಕ್ಕೆ ತುಂಬಿಸುತ್ತವೆ. ಆದರೆ ಇದಕ್ಕೊಂದು ಕಟ್ಟುಪಾಡು ಇದೆ. ಮೂರಕ್ಕೂ ಸೇರಿ ಒಂದು ಹೊರಗಿನ ಫೋಲ್ಡರ್ ಇರುತ್ತದೆ. ಫೈಲ್ ಇಡುವುದಾದರೆ ಅಲ್ಲೇ ಇಡಬೇಕು. ಯಾವುದಾದರೂ ಒಂದು ಯಂತ್ರದ ಒಳಗಿನ ಫೋಲ್ಡರಿಗೆ ನೇರವಾಗಿ ತುರುಕಿದರೆ ಉಳಿದೆರಡಕ್ಕೆ ಸುದ್ದಿಯೇ ಹೋಗುವುದಿಲ್ಲ. "ಮುಂಬಾಗಿಲಿಂದ ಬಂದ್ರೆ ಮನೆಯೋರಿಗೆಲ್ಲ ಗೊತ್ತಾಗುತ್ತೆ. ಹಿತ್ತಲ ಬಾಗಿಲಿಂದ ನುಸುಳಿದ್ರೆ ಯಾರಿಗೂ ಗೊತ್ತಾಗಲ್ಲ" ಎಂದು ಅವನು ಎಲ್ಲರಿಗೂ ಹೇಳಿದ. ಹೇಳಿದ್ದು, ಗೊತ್ತೇ ಇದೆಯಲ್ಲ, ಮೂರು ಸಲ.

ಅದೇ ವಾರ ಕೆಳಗಿನ ಸ್ಟುಡಿಯೋದಲ್ಲಿ ಟೀಚರ್ ಒಂದು ಹಳೆಯ ದೊಡ್ಡ ಕಾದಂಬರಿಯ ಕೊನೆಯ ಅಧ್ಯಾಯಗಳನ್ನು ಓದುತ್ತಿದ್ದರು. ಅರವತ್ತೆಂಟರ ನಿವೃತ್ತ ಶಾಲಾ ಶಿಕ್ಷಕಿ. ಆ ಸಂಸ್ಥೆಯಲ್ಲಿ ಅವರ ದನಿಯಷ್ಟು ಬೇಡಿಕೆ ಬೇರೆ ಯಾರ ದನಿಗೂ ಇರಲಿಲ್ಲ. ಆ ದನಿಗೀಗ ಗಡುವು ಬಿದ್ದಿತ್ತು. ಗಂಟಲಲ್ಲಿ ಗಂಟು, ಮುಂದಿನ ತಿಂಗಳು ಆಪರೇಷನ್. ಆಮೇಲೆ ಮಾತು ಬರುವುದು ಅನುಮಾನ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ನಲವತ್ತೆರಡು ಅಧ್ಯಾಯಗಳಲ್ಲಿ ಮೂವತ್ತೆಂಟು ಆಗಲೇ ಕೇಳುಗರಿಗೆ ತಲುಪಿದ್ದವು. ಮುಂದಿನದು ಯಾವಾಗ ಎಂದು ದಿನವೂ ಫೋನು.

ಸ್ಟುಡಿಯೋ ನೋಡಿಕೊಳ್ಳುತ್ತಿದ್ದವನು ಹೆಡ್‌ಫೋನ್. ನಲವತ್ತರ ಗಂಡಸು, ಕುತ್ತಿಗೆಗೆ ಜೋತುಬಿದ್ದ ಸಾಧನವೇ ಅವನಿಗೆ ಹೆಸರು ಕೊಟ್ಟಿತ್ತು. ಆವತ್ತು ಅವನು ಮೇಲೆ ಬಂದು, "ಸಾರ್, ಟೀಚರ್ ಫೈಲುಗಳನ್ನ ಎಲ್ಲಿ ಹಾಕ್ಲಿ? ನನ್ನ ಕಂಪ್ಯೂಟರಿಗೆ ಇನ್ನೂ ಹೊಸ ಫೋಲ್ಡರ್ ಬಂದಿಲ್ಲ" ಎಂದ.

ಮೂರ್ಸಲ ಕೇಬಲ್ಲುಗಳ ನಡುವೆ ಮಂಡಿಯೂರಿ ಕೂತಿದ್ದ. "ಸದ್ಯಕ್ಕೆ ಒಂದನೇ ಮೆಷಿನ್ನಿನ ಒಳಗಡೆ ಹಾಕ್ಬಿಡು. ನಾಳೆ ನಾನೇ ಸರಿ ಜಾಗಕ್ಕೆ ಸೇರಿಸ್ತೀನಿ."

ಊರಿಗೆಲ್ಲ ಬುದ್ಧಿ ಹೇಳಿದವನು ತಾನೇ ಹಿತ್ತಲ ಬಾಗಿಲು ತೆಗೆದುಕೊಟ್ಟ. ಮರುದಿನ ಕೇಬಲ್ ಗೋಜಲಿನಲ್ಲಿ ಆ ಮಾತು ಮರೆತೇಹೋಯಿತು. ಹೆಡ್‌ಫೋನಿಗೆ ತೋರಿಸಿದ ಜಾಗ ಅದೇ, ಹಾಗಾಗಿ ನಾಲ್ಕೂ ಅಧ್ಯಾಯಗಳು ಅಲ್ಲಿಗೇ ಹೋದವು. ಇನ್ನು ಮೂರು ನಕಲು ಇವೆಯಲ್ಲ ಎಂಬ ಧೈರ್ಯದಲ್ಲಿ ರೆಕಾರ್ಡರಿನ ಕಾರ್ಡನ್ನು ಅವನು ಖಾಲಿ ಮಾಡಿ ಬೇರೆ ಪುಸ್ತಕಕ್ಕೆ ಬಳಸಿದ.

ಎಲ್ಲ ಸಿದ್ಧವಾದ ದಿನ ಮೂರ್ಸಲ ಸಿಬ್ಬಂದಿಯನ್ನೆಲ್ಲ ಕರೆದು, ಒಂದು ಪುಸ್ತಕ ಓಡುತ್ತಿರುವಾಗಲೇ ಒಂದನೇ ಯಂತ್ರದ ಪ್ಲಗ್ ಕಿತ್ತ. ಧ್ವನಿ ನಿಲ್ಲಲಿಲ್ಲ. ಚಪ್ಪಾಳೆ ಬಿತ್ತು. ಅವನ ಕಿವಿ ಕೆಂಪಾಯಿತು. ವಾರ ಕಳೆಯುವಷ್ಟರಲ್ಲಿ ಅದೇ ಯಂತ್ರದ ಡಿಸ್ಕು ಸಣ್ಣದಾಗಿ ತಕರಾರು ತೆಗೆಯಿತು. ಪೂರ್ತಿ ಅಳಿಸಿ ಹೊಸದಾಗಿ ಸಜ್ಜು ಮಾಡಿದರೆ ಉಳಿದೆರಡು ಮತ್ತೆ ತುಂಬಿಸುತ್ತವೆ ಎಂದುಕೊಂಡ. ಅಳಿಸುವ ಮುನ್ನ ಎರಡನೆಯ ಯಂತ್ರದ ಪಟ್ಟಿಯನ್ನು ಮೂರನೆಯದರ ಜೊತೆ ತಾಳೆ ನೋಡಿದ. ಒಂದಕ್ಷರ ವ್ಯತ್ಯಾಸವಿಲ್ಲ. ಮತ್ತೆರಡು ಸಲ ನೋಡಿದ. ಒಂದನೆಯದರ ಜೊತೆ ಮಾತ್ರ ಒಂದು ಸಲವೂ ನೋಡಲಿಲ್ಲ.

ಗುರುವಾರ ಬೆಳಿಗ್ಗೆ ಹೆಡ್‌ಫೋನ್ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತ. "ಸಾರ್, ಮೂವತ್ತೊಂಬತ್ತರಿಂದ ಮುಂದೆ ಕಾಣ್ತಿಲ್ಲ."

ಹುಡುಕುವ ಮೊದಲೇ ಮೂರ್ಸಲನಿಗೆ ಎಲ್ಲ ಹೊಳೆದುಹೋಗಿತ್ತು. ಆದರೂ ಹುಡುಕಿದ. ವಾರಕ್ಕೊಮ್ಮೆ ತೆಗೆದಿಡುವ ಬ್ಯಾಕಪ್ ಕೂಡ ಮುಂಬಾಗಿಲಿಂದಲೇ ಹೋಗಿ ಬರುವಂಥದ್ದು, ಅದರಲ್ಲೂ ಇರಲಿಲ್ಲ. ಅಳಿಸಿದ ಡಿಸ್ಕಿನ ಮೇಲೆ ಆಗಲೇ ಬೇರೆ ಪುಸ್ತಕಗಳು ಬಂದು ಕೂತಿದ್ದವು. ಟೀಚರ್ ಆಪರೇಷನ್ ಸೋಮವಾರ.

"ನಂದೂ ತಪ್ಪಿದೆ ಸಾರ್, ಕಾರ್ಡ್ ಅಳಿಸ್ಬಾರ್ದಿತ್ತು" ಎಂದ ಹೆಡ್‌ಫೋನ್.

"ಇಲ್ಲಪ್ಪ. ಅಲ್ಲಿ ಹಾಕು ಅಂದೋನು ನಾನು, ಅಳಿಸಿದೋನೂ ನಾನು. ಮಾಡಿದ್ದುಣ್ಣೋ ಮಹರಾಯ."

ಮಧ್ಯಾಹ್ನ ಟೀಚರ್ ಮನೆಗೆ ಹೋದ. ಅವರು ಆಸ್ಪತ್ರೆಗೆ ಬಟ್ಟೆ ಮಡಿಸಿಡುತ್ತಿದ್ದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಹೊಸ್ತಿಲಲ್ಲೇ ಉದುರಿಹೋಯಿತು.

"ಟೀಚರ್, ಕೊನೇ ನಾಲ್ಕು ಅಧ್ಯಾಯ ಹೋಗ್ಬಿಡ್ತು. ನನ್ನಿಂದ."

"ಮೂರು ಮೆಷಿನ್ ಇದೆ ಅಂದಿದ್ಯಲ್ಲಪ್ಪ?" ಅವರ ದನಿ ಒರಟಾಗಿತ್ತು, ಅಂಚು ಹರಿದಿತ್ತು.

"ಮೂರಿದೆ ಟೀಚರ್. ನಿಮ್ಮ ದನಿ ಒಂದರಲ್ಲೇ ಇತ್ತು. ಅದನ್ನೇ ಅಳಿಸಿಬಿಟ್ಟೆ."

ಟೀಚರ್ ಕೈಯಲ್ಲಿದ್ದ ಟವಲನ್ನು ನಿಧಾನವಾಗಿ ಮಡಿಸಿದರು. ಅವರು ಬೈದಿದ್ದರೆ ಮೂರ್ಸಲನಿಗೆ ಎಷ್ಟೋ ಹಗುರವಾಗುತ್ತಿತ್ತು. ನಾಚಿಕೆಯಿಂದ ಅವನ ಕಣ್ಣು ತುಂಬಿತು.

"ನನ್ನ ಕ್ಲಾಸಲ್ಲಿ ತಪ್ಪು ಮಾಡ್ದೋರಿಗೆ ಒಂದೇ ಶಿಕ್ಷೆ. ಮತ್ತೆ ಬರೀಬೇಕು. ನಾಳೆ ಬರ್ತೀನಿ, ಹೆಡ್‌ಫೋನಿಗೆ ಹೇಳು."

"ಗಂಟಲು ಟೀಚರ್... ಡಾಕ್ಟ್ರು..."

"ಸೋಮವಾರ ಕತ್ತರಿಸೋ ಗಂಟಲಿಗೆ ಶುಕ್ರವಾರ ಯಾಕಪ್ಪಾ ಉಪಚಾರ? ಪುಸ್ತಕ ಮುಗೀದೆ ನಾನು ಹೋಗಿ ಮಲಗಲ್ಲ."

ಶುಕ್ರವಾರ ಎರಡು ಅಧ್ಯಾಯ ಓದಿದರು. ಶನಿವಾರ ಬೆಳಿಗ್ಗೆ ಇನ್ನೊಂದು, ಪುಟಕ್ಕೊಮ್ಮೆ ಬಿಸಿನೀರು ಕುಡಿದು. ಕೊನೆಯ ಅಧ್ಯಾಯಕ್ಕೆ ಬಾಯಿ ತೆರೆದರೆ ಬರೀ ಗಾಳಿ. ಮೂರ್ಸಲ ಗಾಜಿನ ಆಚೆ ನಿಂತಿದ್ದ. ಟೀಚರ್ ಬೆರಳು ಮಡಿಸಿ ಅವನನ್ನು ಒಳಗೆ ಕರೆದರು, ಪುಸ್ತಕ ಅವನ ಮುಂದೆ ತಳ್ಳಿದರು.

"ನಾನಾ? ಅಯ್ಯೋ, ನನಗೆ ಓದಕ್ಕೆ ಬರಲ್ಲ ಟೀಚರ್."

"ನಾನು ಹೇಳ್ತೀನಿ, ಹಿಂದೆ ಹೇಳು" ಎಂದು ಪಿಸುಗುಟ್ಟಿದರು.

ಹೆಡ್‌ಫೋನ್ ಅವರ ಮುಂದೆಯೂ ಒಂದು ಮೈಕ್ ಇಟ್ಟು, "ಟೀಚರ್ ಪಿಸುಮಾತು ಬೇರೆಯಾಗಿ ಹಿಡ್ಕೊಂಡು ಆಮೇಲೆ ತೆಗೀತೀನಿ" ಎಂದ. ಟೀಚರ್ ಒಂದೊಂದೇ ವಾಕ್ಯ ಪಿಸುಗುಟ್ಟಿದರು. ಎಲ್ಲಿ ನಿಲ್ಲಬೇಕೋ ಅಲ್ಲಿ ಅವನ ಮಣಿಕಟ್ಟು ಒತ್ತಿದರು, ಎಲ್ಲಿ ದನಿ ಏರಬೇಕೋ ಅಲ್ಲಿ ತಮ್ಮ ಗದ್ದ ಎತ್ತಿದರು. ಯಂತ್ರಗಳ ಜೊತೆಗೇ ಆಯಸ್ಸು ಕಳೆದ ಗಂಡಸು ಶಾಲೆಯ ಮಗುವಿನ ಹಾಗೆ ಅವರ ಹಿಂದೆ ಹಿಂದೆ ಹೇಳಿದ. ಒಂದೂಮುಕ್ಕಾಲು ಗಂಟೆ ಹಿಡಿಯಿತು. ಸಂಜೆ ಫೈಲುಗಳನ್ನು ಹೊರಗಿನ ಫೋಲ್ಡರಿನಲ್ಲಿಟ್ಟ. ಆಮೇಲೆ ಮೂರು ಯಂತ್ರಗಳಲ್ಲೂ ಒಂದೊಂದಾಗಿ ಅವನ್ನು ಓಡಿಸಿ, ಪಟ್ಟಿ ನೋಡುವ ಬದಲು ಕಿವಿಯಿಟ್ಟು ಕೇಳಿದ.

ಕೊನೆಯ ಅಧ್ಯಾಯ ಕೇಳಿದ ಹೆಡ್‌ಫೋನಿಗೆ ಪಿಸುಮಾತು ತೆಗೆಯಲು ಮನಸ್ಸು ಬರಲಿಲ್ಲ. ಸಣ್ಣದು ಮಾಡಿ ಹಾಗೇ ಬಿಟ್ಟ.

ಆಪರೇಷನ್ ಆಯಿತು, ಜೀವ ಉಳಿಯಿತು, ದನಿ ಉಳಿಯಲಿಲ್ಲ. ತಿಂಗಳ ಮೇಲೆ ಒಂದು ಮಧ್ಯಾಹ್ನ ಮೂರ್ಸಲ ಅವರ ಮನೆಗೆ ಹೋಗಿ ಕುರ್ಚಿಯ ತುದಿಯಲ್ಲಿ ಕೂತ.

"ಟೀಚರ್, ಇವತ್ತು ಒಬ್ರು ಕೇಳುಗರು ಫೋನ್ ಮಾಡಿದ್ರು. ವಯಸ್ಸಾದೋರು. ಒಂದು ದೂರು ಹೇಳಿದ್ರು."

ಟೀಚರ್ ಹುಬ್ಬೇರಿಸಿದರು.

"'ಕೊನೇ ಅಧ್ಯಾಯದಲ್ಲಿ ಯಾರೋ ಗಂಡಸು ಜೋರಾಗಿ ಅಡ್ಡ ಮಾತಾಡ್ತಾರೆ. ಅವರ ದನಿ ಸ್ವಲ್ಪ ಕಮ್ಮಿ ಮಾಡಿ ಕೊಡ್ತೀರಾ? ನಮ್ಮ ಟೀಚರ್ ಹೇಳೋದು ಸರಿಯಾಗಿ ಕೇಳಿಸ್ತಿಲ್ಲ' ಅಂದ್ರು."

ಟೀಚರ್ ನಕ್ಕರು. ಸದ್ದಿಲ್ಲ, ಭುಜ ಮಾತ್ರ ಅಲುಗಾಡಿತು. ನಗುತ್ತಲೇ ಕಣ್ಣೊರೆಸಿಕೊಂಡರು. ಆಮೇಲೆ ಪಕ್ಕದಲ್ಲಿದ್ದ ಕಾಗದ ಎಳೆದುಕೊಂಡು, ಮಕ್ಕಳ ನೋಟುಪುಸ್ತಕ ತಿದ್ದಿ ಪಳಗಿದ ದುಂಡಕ್ಷರದಲ್ಲಿ ಬರೆದು ಅವನ ಕಡೆ ತಿರುಗಿಸಿದರು:

"ಕಮ್ಮಿ ಮಾಡಪ್ಪ, ಮತ್ತೇನು."